ನೀರಿನ ಚೀಲದ ಸಾಕ್ಷಿ

"ಅಮ್ಮಾ, ಯಂತ್ರ ಅಂದು ನಡೆದುಕೊಂಡ ಹಾಗೆಯೇ ಇಂದೂ ನಡೆದುಕೊಂಡರೆ, ಎಲ್ಲವೂ ಸರಿಯಾಗಿದೆ ಎಂದು ನಾವು ಧೈರ್ಯವಾಗಿರಬಹುದೇ?"

ಕೇಳಿದವಳು ಶಿಷ್ಯೆ. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವ ವಿದ್ಯೆ ಕಲಿಯಲು ಅವಳು ಬಂದಿದ್ದಳು. ಕಲಿಸುತ್ತಿದ್ದ ಗುರು ವಯಸ್ಸಾದ ಹೆಂಗಸು.

"ನಮ್ಮ ಕಡೆ ಬಾಣಂತಿಯ ಮಂಚದ ಹತ್ತಿರ ಕೆಂಡ ತುಂಬಿ ಇಡುತ್ತಿದ್ದರು," ಎಂದರು. "ಅದಕ್ಕೊಂದು ಹೆಸರಿದೆ. ಅಗ್ಗ... ಅಗ್ಗಿಷ್ಟಿಕೆ. ಊರು ಬಿಟ್ಟು ಎಷ್ಟೋ ಕಾಲವಾಯಿತು, ಮಾತು ಬಾಯಿಗೆ ಬರುವುದಿಲ್ಲ. ಆ ಕೆಂಡದ ಕೆಲಸವನ್ನೇ ಮಾಡುವ ಒಂದು ಪೆಟ್ಟಿಗೆ ಇತ್ತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಅದರೊಳಗೆ ಮಲಗಿಸುತ್ತಿದ್ದರು. ಕೇಳು."

ಹೀಗೆ ಹೇಳಿ ಅವರು ಕತೆ ಶುರುಮಾಡಿದರು.

ಒಬ್ಬ ತಂತ್ರಜ್ಞನಿದ್ದ. ಆ ಪೆಟ್ಟಿಗೆಗೆ ಡ್ರೈವರ್ ಬರೆದವನು ಅವನೇ. ಕೂಸಿನ ಹೊಟ್ಟೆಯ ಮೇಲೆ ಒಂದು ಸಣ್ಣ ಬಿಲ್ಲೆಯನ್ನು ಟೇಪಿನಿಂದ ಅಂಟಿಸುತ್ತಿದ್ದರು. ಮೈ ಎಷ್ಟು ಬಿಸಿ ಎಂದು ಡ್ರೈವರ್ ಕೇಳುತ್ತಿತ್ತು, ಬಿಲ್ಲೆ ಹೇಳುತ್ತಿತ್ತು. ತಣ್ಣಗಿದೆ ಎಂದರೆ ಡ್ರೈವರ್ ಕಾವು ಏರಿಸುತ್ತಿತ್ತು. ಬಿಸಿಯಾಗಿದೆ ಎಂದರೆ ಇಳಿಸುತ್ತಿತ್ತು.

ತಂತ್ರಜ್ಞ ಅಂಜುಬುರುಕ. ಮುಂದೆ ಎಂದಾದರೂ ಡ್ರೈವರನ್ನು ತಿದ್ದುವಾಗ ಕೈತಪ್ಪಿದರೆ ಎಂಬ ಭಯ ಅವನಿಗೆ. ಆದ್ದರಿಂದ ಒಂದು ಉಪಾಯ ಮಾಡಿದ. ಕೂಸಿನ ಬದಲು ನೀರು ತುಂಬಿದ ರಬ್ಬರ್ ಚೀಲವನ್ನು ಪೆಟ್ಟಿಗೆಯಲ್ಲಿ ಮಲಗಿಸಿದ. ಬಿಲ್ಲೆ ಹೇಳಿದ್ದನ್ನೆಲ್ಲ, ಅದಕ್ಕೆ ಡ್ರೈವರ್ ಮಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಮುಂದೆ ಡ್ರೈವರಿನಲ್ಲಿ ಏನು ಬದಲಿಸಿದರೂ ಬಿಲ್ಲೆಯ ಆ ಹಳೆಯ ಮಾತುಗಳನ್ನೇ ಅದಕ್ಕೆ ಮತ್ತೆ ಕೇಳಿಸುವುದು. ಅಂದು ಮಾಡಿದ್ದನ್ನೇ ಇಂದೂ ಮಾಡಿದರೆ ಪರದೆಯ ಮೇಲೆ ಹಸಿರು. ಬೇರೆ ಏನಾದರೂ ಮಾಡಿದರೆ ಕೆಂಪು. ಇದೇ ಅವನ ಪರೀಕ್ಷೆ.

ರೆಕಾರ್ಡ್ ನಡೆಯುತ್ತಿದ್ದಾಗ ಅವನು ಟೀ ಕುಡಿಯಲು ಹೋದ. ಅಷ್ಟರಲ್ಲಿ ಟೇಪು ಬಿಟ್ಟುಕೊಂಡು ಬಿಲ್ಲೆ ಗಾಳಿಯಲ್ಲಿ ನೇತಾಡಿತು. ತಣ್ಣಗಿದೆ ಎಂದಿತು. ಡ್ರೈವರ್ ಕಾವು ಏರಿಸಿತು. ಮತ್ತೂ ಏರಿಸಿತು. ಆ ಕಡೆ ಹಾದುಹೋದ ಯಾರೋ ಬಿಲ್ಲೆಯನ್ನು ಮತ್ತೆ ಅಂಟಿಸಿದರು, ಕಾವು ಇಳಿಯಿತು. ನೀರಿನ ಚೀಲ ಅಳಲಿಲ್ಲ. ತಂತ್ರಜ್ಞ ಬಂದು ನೋಡಿದಾಗ ಎಲ್ಲವೂ ಮೊದಲಿನಂತೆಯೇ ಇತ್ತು.

ಪೆಟ್ಟಿಗೆಗಳು ಊರೂರಿನ ಆಸ್ಪತ್ರೆಗಳಿಗೆ ಹೋದವು. ಕೆಲವು ವರ್ಷಗಳ ಮೇಲೆ ಒಂದು ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದಳು. ಬಿಲ್ಲೆ ಕಿತ್ತುಬಂದು ಒಂದು ಕೂಸಿನ ಮೈ ಸುಡುತ್ತಿತ್ತು, ತಾಯಿ ಮುಟ್ಟಿ ನೋಡಿದ್ದರಿಂದ ಉಳಿಯಿತು ಎಂದಳು.

ತಂತ್ರಜ್ಞ ಬುದ್ಧಿವಂತ. ಜೀವವಿರುವ ಮೈ ಒಮ್ಮೆಲೇ ಅಷ್ಟು ತಣ್ಣಗಾಗುವುದಿಲ್ಲ ಎಂದು ಅವನಿಗೆ ಹೊಳೆಯಿತು. ಬಿಲ್ಲೆ ಹಾಗೆ ಹೇಳಿದರೆ ನಂಬಬೇಡ, ಕಾವು ನಿಲ್ಲಿಸಿ ಗಂಟೆ ಬಾರಿಸು ಎಂದು ಡ್ರೈವರಿಗೆ ಹೊಸದಾಗಿ ಕೆಲವು ಸಾಲು ಬರೆದ. ಪರೀಕ್ಷೆಗೆ ಹಚ್ಚಿದ.

ಕೆಂಪು ಬಂತು.

ಅಂದು ಈ ಜಾಗದಲ್ಲಿ ಕಾವು ಏರಿತ್ತು, ಇಂದು ಏರಲಿಲ್ಲ ಎಂದು ಪರದೆ ತೋರಿಸಿತು. ಅವನು ಮತ್ತೆ ಓಡಿಸಿದ. ಮತ್ತೆ ಕೆಂಪು. ರೆಕಾರ್ಡನ್ನು ತೆರೆದು ನೋಡಿದ. ಅದರಲ್ಲಿ ಬರೀ ಅಂಕಿಗಳು. ಅಂದೂ ಬಿಲ್ಲೆ ಕಿತ್ತುಬಂದಿತ್ತೇ ಎಂಬ ಸಂಶಯ ಒಂದು ಗಳಿಗೆ ಅವನ ತಲೆಯಲ್ಲಿ ಸುಳಿಯಿತು. ಹಾಗಾದರೆ ಇಷ್ಟು ವರ್ಷ ತಾನು ಹಸಿರು ಎಂದು ನೋಡಿದ್ದು ಏನನ್ನು? ಆ ಯೋಚನೆಯನ್ನು ಮುಂದುವರಿಸಲು ಅವನಿಗೆ ಭಯವಾಯಿತು. ಎಷ್ಟೋ ಊರುಗಳಲ್ಲಿ ಕೂಸುಗಳು ಆ ಹಸಿರನ್ನು ನಂಬಿ ಮಲಗಿದ್ದವು.

ಇನ್ನೊಂದು ಭಯವೂ ಇತ್ತು. ಹೊಸ ಸಾಲುಗಳನ್ನು ಕಳಿಸಿ ಎಲ್ಲಾದರೂ ಏನಾದರೂ ಆದರೆ, ಕೆಂಪು ಕಂಡೂ ಯಾಕೆ ಕಳಿಸಿದೆ ಎಂದು ಕೇಳುತ್ತಾರೆ. ಹಸಿರಿದ್ದಾಗ ಏನಾದರೂ ಆದರೆ ಹಾಗೆ ಯಾರೂ ಕೇಳುವುದಿಲ್ಲ. ಯಂತ್ರ ಅಂದು ಸರಿಯಾಗಿಯೇ ಇತ್ತು, ತಪ್ಪಿದವನು ನಾನೇ ಎಂದು ತನಗೆ ತಾನೇ ಹೇಳಿಕೊಂಡ. ಹೊಸ ಸಾಲುಗಳನ್ನು ಅಳಿಸಿದ. ಹಸಿರು ಬಂತು.

ನರ್ಸ್ ಮತ್ತೆ ಫೋನ್ ಮಾಡಿದಳು.

"ಏನಾಯ್ತು ಸಾರ್, ಸರಿ ಮಾಡಿದ್ರಾ?"

"ಮಾಡ್ದೆ ಸಿಸ್ಟರ್, ಪರೀಕ್ಷೆ ಒಪ್ಪಲಿಲ್ಲ. ಇನ್ನೊಂದ್ಸಲ ನೋಡ್ತೀನಿ. ಅಲ್ಲೀತನಕ ಟೇಪು ಸ್ವಲ್ಪ ಗಟ್ಟಿಯಾಗಿ ಅಂಟಿಸಿ."

"ಇನ್ನೆಷ್ಟು ಗಟ್ಟಿ ಅಂಟಿಸ್ಲಿ? ಈರುಳ್ಳಿ ಸಿಪ್ಪೆ ಥರ ಚರ್ಮ ಸಾರ್, ಟೇಪಿನ ಜೊತೆ ಅದೂ ಬರುತ್ತೆ. ನಿಮ್ಮ ಪರೀಕ್ಷೇನ ಒಂದಿನ ಇಲ್ಲಿಗೆ ಕರ್ಕೊಂಡು ಬನ್ನಿ. ಪೆಟ್ಟಿಗೇಲಿ ಮಲಗಿಸಿ ನೋಡೋಣ, ಒಪ್ಪುತ್ತೋ ಇಲ್ವೋ."

ತಂತ್ರಜ್ಞ ನಕ್ಕ. ಆ ಕಡೆಯಿಂದ ನಗು ಕೇಳಿಸಲಿಲ್ಲ.

ಅದೇ ಪೆಟ್ಟಿಗೆಗೆ ಇನ್ನೊಂದು ಕೂಸು ಬಂತು. ತಾಯಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಹಸಿ ಬಾಣಂತಿ, ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ನರ್ಸ್ ಬೇರೆ ಕೂಸಿನ ಹತ್ತಿರ ಇದ್ದಳು. ಪೆಟ್ಟಿಗೆಯಲ್ಲಿದ್ದ ಕೂಸು ಕಾಲು ಒದೆಯಿತು. ಟೇಪು ಬಿಟ್ಟುಕೊಂಡಿತು. ಬಿಲ್ಲೆ ತಣ್ಣಗಿದೆ ಎಂದಿತು. ಡ್ರೈವರ್ ಕಾವು ಏರಿಸಿತು. ಮತ್ತೂ ಏರಿಸಿತು. ಅಂದು ಮಾಡಿದ ಹಾಗೆಯೇ, ಒಂದಿಷ್ಟೂ ತಪ್ಪದೆ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಕಾದಳು.

"ಅಮ್ಮಾ, ಆ ಕೂಸು?" ಎಂದಳು.

"ಪರೀಕ್ಷೆ ಪಾಸಾಯಿತು," ಎಂದರು ಗುರು.