ತಗಡಿನ ಅಂಚು

ಬಂದರಿನ ಅಳತೆ ಅಂಗಳದಲ್ಲಿ ಅಗಲವಾದ ತಗಡೊಂದು ನಿಂತಿತ್ತು. ಪಕ್ಕದಲ್ಲಿ ತುಂಡು ತಗಡುಗಳನ್ನು ಮೂಲೆಮೂಲೆಯಾಗಿ ಬೆಸೆದ ಪುಟ್ಟ ಗೂಡು. ಇಬ್ಬರಲ್ಲಿ ಒಬ್ಬರು ಮರದ ದೋಣಿಯ ಕಂಬ ಏರಬೇಕಿತ್ತು. ಮಂಜಿನಲ್ಲಿ ಹಡಗಿನ ರಾಡಾರ್ ಕೂಗಿದಾಗ ಆ ಕೂಗನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ, ಇಲ್ಲೊಂದು ದೋಣಿಯಿದೆ ಎಂದು ತಿಳಿಸುವುದೇ ಕೆಲಸ.

ಅಂಗಳದ ರಾಡಾರ್ ತಗಡಿನ ಎದುರು ನಿಂತು ಕೂಗಿತು. "ಅಬ್ಬಾ, ಹಡಗೇ ಓಗೊಟ್ಟಂತಾಯಿತು!" ಎಂದಿತು.

"ತಗಡನ್ನು ಸ್ವಲ್ಪ ತಿರುಗಿಸಿಯೂ ಅಳೆಯಿರಿ," ಎಂದಿತು ಗೂಡು.

"ಸುಮ್ಮನಿರು, ಮೂಲೆಮುದ್ದೆ," ಎಂದು ತಗಡು ಗದರಿತು. "ದೊಡ್ಡವರನ್ನು ಎದುರಿನಿಂದ ನೋಡಿದರೆ ಸಾಕು."

ರಾಡಾರ್ ಮುಲಾಜಿಗೆ ಬಿದ್ದು ಅಳತೆ ಮುಗಿಸಿತು. ತಗಡು ಕಂಬ ಏರಿತು. ಗೂಡನ್ನು ದೋಣಿಯ ಹಲಗೆಯ ಮೇಲೆ ಎಸೆದರು.

ಸಮುದ್ರದಲ್ಲಿ ಮಂಜು ಕವಿಯಿತು. ಹಡಗೊಂದು ಕೂಗುತ್ತ ಬಂತು. ಆಗಲೇ ತೆರೆಯೊಂದು ದೋಣಿಯನ್ನು ಓರೆ ಮಾಡಿತು. ತಗಡಿಗೆ ಬಡಿದ ಕೂಗೆಲ್ಲ ಆಕಾಶಕ್ಕೆ ಜಾರಿಹೋಯಿತು.

"ತಗಡಣ್ಣ, ಹಡಗು ನಮ್ಮ ಮೇಲೇ ಬರುತ್ತಿದೆ! ಓಗೊಡು!" ಎಂದು ದೋಣಿ ಅಂಗಲಾಚಿತು.

"ಅದು ನನ್ನ ಎದುರಿಗೆ ಬರಲಿ" ಎನ್ನಹೊರಟ ತಗಡು, ಇನ್ನೊಂದು ಕೂಗೂ ತನ್ನಿಂದ ಆಕಾಶಕ್ಕೆ ಜಾರುವುದನ್ನು ಕಂಡಿತು.

ಹಲಗೆಯ ಮೇಲೆ ಉರುಳಾಡುತ್ತಿದ್ದ ಗೂಡಿಗೆ ಆ ಕೂಗು ತಾಗಿತು. ಯಾವ ಕಡೆ ಹೊರಳಿದರೂ ಅದರ ಒಂದು ಮೂಲೆ ಹಡಗಿನತ್ತ ಇರುತ್ತಿತ್ತು; ಉರುಳುತ್ತಲೇ ಅದು ಓಗೊಟ್ಟಿತು. ಹಡಗು ಪಕ್ಕಕ್ಕೆ ಹೊರಳಿತು; ದೋಣಿ ಉಳಿಯಿತು. ಗೂಡು ಬೈದಿದ್ದರೆ ತಗಡಿಗೆ ಎಷ್ಟೋ ಹಗುರವಾಗುತ್ತಿತ್ತು.

ದಡಕ್ಕೆ ಮರಳಿದ ಮೇಲೆ ಅಂಗಳದ ರಾಡಾರ್ ಮತ್ತೆ ಅಳೆಯಲು ತಗಡಿನ ಎದುರಿಗೆ ಬಂದು ನಿಂತಿತು.

"ಅಲ್ಲಿ ಬೇಡ," ಎಂದಿತು ತಗಡು. "ಈ ಸಲ ನನ್ನ ಅಂಚಿನಿಂದ ಶುರು ಮಾಡಿ."