ಹಿರಿಯಾನೆ ತೋಡಿದ ಒರತೆ

ಆ ವರ್ಷ ಬೇಸಿಗೆಗೆ ಹೊಳೆ ಬತ್ತಿತು. ಕಾಡಿನವರೆಲ್ಲ ಒಡತಿಯೆಂದು ಒಪ್ಪಿದ್ದ ಹಿರಿಯಾನೆ ಮರಳಿನಲ್ಲಿ ಒರತೆ ತೋಡಿದಳು. ತಿಳಿನೀರು ಜಿನುಗಿತು. "ಎಲ್ಲರೂ ಕುಡಿಯಿರಿ" ಎಂದು ಸಾರಿ, ತನ್ನ ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಮರದಡಿ ನಿಂತಳು.

ಅಷ್ಟರಲ್ಲಿ ಗೌಜಲಕ್ಕಿಯೊಂದು ಮರಿಗಳನ್ನು ಕಟ್ಟಿಕೊಂಡು ಬಂತು. "ತಾಯೀ, ಒರತೆಯಲ್ಲಿ ಕಾಡುಹಂದಿ ಮಲಗಿದೆ. ಹತ್ತಿರ ಹೋದರೆ ಕೋರೆ ತೋರಿಸುತ್ತದೆ."

"ನಾನು ಯಾರಿಗೂ ಬೇಡವೆನ್ನಲಿಲ್ಲವಲ್ಲ! ಅದು ನಿನ್ನ ಮತ್ತು ಹಂದಿಯ ಜಗಳ" ಎಂದಳು ಆನೆ.

"ನಾನೇ ಜಗಳವಾಡಿ ಗೆಲ್ಲುವ ಹಾಗಿದ್ದರೆ ನಮಗೆ ಒಡತಿ ಯಾಕೆ ಬೇಕಿತ್ತು? ಹಂದಿ ನನಗೆ ದಾರಿ ಬಿಡುವುದಿಲ್ಲ, ನಿಮಗೆ ಬಿಡುತ್ತದೆ. ನಿಮ್ಮ ಬಲ ಇಂಥ ಹೊತ್ತಿಗೆ ಒದಗದಿದ್ದರೆ ಇನ್ಯಾವಾಗ ಒದಗುತ್ತದೆ?"

ಮಾತು ಆನೆಗೆ ನಾಟಿತು. ನೇರ ಹೋಗಿ ಹಂದಿಯೆದುರು ನಿಂತಳು. "ಹೊರಳಾಡಲು ಕೆಳಗಡೆ ಕೆಸರಿದೆ. ಇದು ಕುಡಿಯುವ ನೀರು. ನಿನ್ನ ಪಾಲು ಕುಡಿದು ಏಳು."

ಹಂದಿ ತೆಪ್ಪಗೆ ಎದ್ದು ಹೋಯಿತು. ಮರಿಗಳು ಕಡಿದಾದ ಅಂಚಿನಲ್ಲಿ ಜಾರುತ್ತ ಬೀಳುತ್ತ ಇಳಿದು, ಹೊಟ್ಟೆ ತುಂಬ ಕುಡಿದು ಅಮ್ಮನ ಹಿಂದೆ ಹೊರಟವು. ಉಪಕಾರವಾಯಿತು ಎಂಬ ಒಂದು ಮಾತಿಗಾಗಿ ಆನೆ ಕಾದೇ ಕಾದಳು.

"ಅಮ್ಮಾ, ಒಡತಿಗೆ ತಲೆ ಬಾಗಿಸಬೇಡವೇ?" ಎಂದಿತು ಒಂದು ಮರಿ.

"ದಾರಿಯಲ್ಲಿ ಎದುರಾದಾಗ ಬಾಗಿಸೋಣ ಮಗಾ. ಬಾಯಾರಿ ನೀರು ಕುಡಿದದ್ದಕ್ಕೆ ಬೇಡ."

ಅದು ಆನೆಯ ಮೊರದಗಲ ಕಿವಿಗೆ ಬಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಮರುದಿನ ಬೆಳಗ್ಗೆ ಮರಿಗಳು ನೀರಿಗೆ ಬಂದಾಗ ಒರತೆಯ ಅಂಚು ಅವುಗಳ ಪುಟ್ಟ ಕಾಲಿಗೆ ತಕ್ಕ ಇಳಿಜಾರಾಗಿತ್ತು.