ಚಿತ್ರದ ಹಿಂಬದಿಯ ಸಾಲು

ಹೊಳೆ ಕಡಲನ್ನು ಸೇರುವ ಕಡೆ, ದಡಕ್ಕೆ ಆತುಕೊಂಡು ಒಂದು ಹೆಂಚಿನ ಮನೆ. ಆ ಮನೆಯಲ್ಲಿ ಒಬ್ಬರು ಗುರುಗಳು. ಅವರು ಕಲಿಸುತ್ತಿದ್ದದ್ದು ಮಂತ್ರವನ್ನಲ್ಲ, ಫೋಟೋ ತೆಗೆಯುವುದನ್ನು.

ಕಲಿತವರು ಅಲ್ಲೇ ಸುತ್ತಮುತ್ತ ಉಳಿದರು. ಬರಬರುತ್ತಾ ಅದೊಂದು ಸಣ್ಣ ಫೋಟೋ ಏಜೆನ್ಸಿಯಾಯಿತು. ಪತ್ರಿಕೆಯವರು, ಪ್ರದರ್ಶನ ಏರ್ಪಡಿಸುವವರು ಒಳ್ಳೆಯ ಚಿತ್ರ ಬೇಕಾದಾಗ ಅಲ್ಲಿಗೆ ಹೇಳಿಕಳಿಸುತ್ತಿದ್ದರು.

ಅಲ್ಲಿ ಒಂದು ಪದ್ಧತಿ. ಪ್ರತಿ ಅಮಾವಾಸ್ಯೆಗೆ ಎಲ್ಲರೂ ಚಾಪೆಯ ಸುತ್ತ ಕೂರಬೇಕು. ತಮ್ಮ ಹೊಸ ಕೆಲಸದ ಒಂದೇ ಒಂದು ಚಿತ್ರವನ್ನು ಚಾಪೆಯ ಮೇಲೆ ಇಡಬೇಕು. ಅದರಲ್ಲಿ ಏನು ನಡೆಯುತ್ತಿದೆ ಎಂದು ಒಂದು ಸಾಲು ಹೇಳಬೇಕು. ಆ ಸಾಲನ್ನು ಗುರುಗಳು ಚಿತ್ರದ ಹಿಂಬದಿಯಲ್ಲಿ ತಮ್ಮ ಕೈಯಾರೆ ಬರೆಯುತ್ತಿದ್ದರು. ಹಿಂಬದಿ ಖಾಲಿ ಇರುವ ಚಿತ್ರ ಪತ್ರಿಕೆಗಾಗಲಿ ಪ್ರದರ್ಶನಕ್ಕಾಗಲಿ ಹೋಗುತ್ತಿರಲಿಲ್ಲ.

ಆ ಅಮಾವಾಸ್ಯೆಯ ದಿನ ಮೊದಲು ಊರಲ್ಲಿಲ್ಲದವರ ಸುದ್ದಿ ಬಂತು. ಶಿವಲಿಂಗ ಒಂದು ಸರ್ಕಸ್ ಕಂಪನಿಯ ಬೆನ್ನು ಹತ್ತಿ ವಿಜಯಪುರದ ಕಡೆ ಹೋಗಿದ್ದ. ಪ್ರಾಣಿಗಳೆಲ್ಲ ಹೋದ ಮೇಲೂ ಅಲ್ಲಿ ಒಬ್ಬ ಮುದುಕ ಖಾಲಿ ಬೋನು ತೊಳೆಯುತ್ತಾನಂತೆ. ಕುಮುದಾ ಹೆರಿಗೆ ವಾರ್ಡಿನ ಹೊರಗೆ ಕಾಯುವ ಗಂಡಸರ ಮುಖ ತೆಗೆಯುತ್ತಿದ್ದಳು.

ಫ್ರಾನ್ಸಿಸ್ ಉಪ್ಪಿನ ಆಗರದ ಚಿತ್ರ ಇಟ್ಟ. ಸಾಲು ಹೇಳಿದ. ಗುರುಗಳು ಬರೆದರು.

ಆಮೇಲೆ ವಾರಿಜಾ ತನ್ನ ಚಿತ್ರ ಇಟ್ಟಳು.

ಸುತ್ತ ಕೂತವರೆಲ್ಲ ಚಾಪೆಯ ಮೇಲೆ ಬಗ್ಗಿದರು.

ನಾಲ್ವರು ಹೆಂಗಸರು ಬೆನ್ನು ಹಾಕಿ ಹೊಳೆಗೆ ಇಳಿಯುತ್ತಿದ್ದರು. ಕೈಯಲ್ಲಿ ಬರಿದಾದ ಬುಟ್ಟಿ. ಮೋಡ ಸೀಳಿಕೊಂಡು ಬಂದ ಎಳೆಬಿಸಿಲು ಅವರ ಸೀರೆಗಳ ಮೇಲೆ ಬಿದ್ದು, ಒಂದೊಂದು ನೆರಿಗೆಯೂ ತಾಮ್ರದ ತಗಡಿನ ಹಾಗೆ ಹೊಳೆಯುತ್ತಿತ್ತು.

"ಮಾರಾಯ್ತಿ, ಇದನ್ನು ನೋಡಿದ ಮೇಲೆ ನನ್ನ ಉಪ್ಪು ಸಪ್ಪೆ ಆಯ್ತು," ಎಂದ ಫ್ರಾನ್ಸಿಸ್.

ವಾರಿಜಾ ನಗಲಿಲ್ಲ. ಮುಂಬೈಯ ಒಂದು ದೊಡ್ಡ ಪ್ರದರ್ಶನದವರು ಈ ಚಿತ್ರವನ್ನು ಫೋನಿನಲ್ಲಿ ನೋಡಿ, ಬಾಗಿಲೆದುರಿನ ಗೋಡೆಗೆ ಇದೇ ಇರಲಿ ಎಂದಿದ್ದರು. ಹುಣ್ಣಿಮೆಯೊಳಗೆ ಕಳಿಸಬೇಕಿತ್ತು. ಇಷ್ಟು ವರ್ಷ ಇನ್ನೊಬ್ಬರ ಚಿತ್ರಗಳಿಗೆ ಚೌಕಟ್ಟು ಹಾಕಿ ಕಳಿಸಿದವಳು ಅವಳು. ತನ್ನದು ಎಂದು ಹೊರಗೆ ಹೋಗುತ್ತಿದ್ದದ್ದು ಇದೇ ಮೊದಲು.

"ಸಾಲು ಹೇಳು," ಎಂದರು ಗುರುಗಳು.

"ಇಳಿತದ ಹೊತ್ತಿನಲ್ಲಿ ಬಳಚು ಆರಿಸಲು ಹೊಳೆಗೆ ಇಳಿಯುತ್ತಿರುವ ಹೆಂಗಸರು."

ಬಳಚು ಅಂದರೆ ಆ ಕಡೆಯವರು ತಿನ್ನುವ ಚಿಪ್ಪುಮೀನು. ಇಳಿತಕ್ಕೆ ನೀರು ಸರಿದಾಗ ಕೆಸರಿನಿಂದ ಹೆಕ್ಕಿ ತೆಗೆಯಬೇಕು. ಭರತ ಏರಿ ನೀರು ತುಂಬಿದರೆ ಮುಗಿಯಿತು.

ಗುರುಗಳು ಪೆನ್ನು ತೆಗೆದರು. ಚಿತ್ರವನ್ನು ಇನ್ನೊಮ್ಮೆ ನೋಡಿದರು. ಪೆನ್ನನ್ನು ಚಾಪೆಯ ಮೇಲೆ ಇಟ್ಟರು.

"ಇವರು ಈಗಷ್ಟೇ ಇಳಿಯುತ್ತಿದ್ದಾರೆ."

"ಹೌದು, ಗುರುಗಳೇ."

"ಸೀರೆ ಆಗಲೇ ಸೊಂಟದವರೆಗೆ ಒದ್ದೆಯಾಗಿದೆ."



"ಅವರು ನಿಜವಾಗಿ ಇಳಿದಾಗ ಬೆಳಕಿರಲಿಲ್ಲ," ಎಂದಳು. "ಆರಿಸಿಕೊಂಡು ತಿರುಗಿ ಬರುವಾಗ ಬಿಸಿಲು ಬಂತು. ಇನ್ನೊಂದು ಸಲ ಇಳಿದು ತೋರಿಸಿ ಅಂದೆ. ಬುಟ್ಟಿಯಲ್ಲಿದ್ದದ್ದನ್ನು ಮರಳದಿಬ್ಬದ ಮೇಲೆ ಸುರಿದು ಇಳಿದರು. ಒತ್ತಾಯ ಮಾಡಲಿಲ್ಲ. ಅವರೇ ನಗುತ್ತಾ ಹೋದರು."

"ಮದುವೆಯಲ್ಲಿ ನಾನು ಹಾರವನ್ನೇ ಎರಡು ಸಲ ಹಾಕಿಸಿದ್ದೇನೆ, ಗುರುಗಳೇ," ಎಂದು ಫ್ರಾನ್ಸಿಸ್ ಅವಳ ಪರ ವಹಿಸಿದ. "ಎರಡನೇ ಸಲವೇ ಮದುಮಗ ಚೆನ್ನಾಗಿ ನಗೋದು."

ಗುರುಗಳು ಅವನ ಕಡೆ ತಿರುಗಲಿಲ್ಲ.

"ಹೆಂಗಸರು ನಿನ್ನ ಮಾತು ಕೇಳಿದರು," ಎಂದರು ವಾರಿಜಾಳಿಗೆ. "ಹೊಳೆ ಕೇಳಿತೇ?"

ಅವಳಿಗೆ ಅರ್ಥವಾಗಲಿಲ್ಲ.

"ಹಾಗಾದರೆ ಈ ಚಿತ್ರ ಹೋಗುವುದೇ ಇಲ್ಲವೇ?"

"ಯಾಕೆ ಹೋಗಬಾರದು? ನಡೆದದ್ದನ್ನು ಬರೆ. ಚಿತ್ರದಲ್ಲಿರುವವರಿಗೆ ಓದಿ ಹೇಳು. ಅವರು ಹೂಂ ಅಂದರೆ ಅದೇ ಸಾಲನ್ನು ಇದರ ಹಿಂದೆ ನಾನು ಬರೆಯುತ್ತೇನೆ."

ಇಷ್ಟೇ ತಾನೇ ಎಂದು ಅವಳಿಗೆ ಹಗುರವಾಯಿತು. ಮಾರನೆಯ ದಿನವೇ ಚಿತ್ರ ಹಿಡಿದುಕೊಂಡು ಹೊಳೆಯಾಚೆ ಹೋದಳು.

ಬೀರಮ್ಮ ಜಗಲಿಯಲ್ಲಿ ಕೂತು ಬಳಚು ಬಿಡಿಸುತ್ತಿದ್ದಳು. ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಅವಳೇ. ಕೈ ಒರೆಸಿಕೊಂಡು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡಳು.

"ಇದು ನನ್ನ ಬೆನ್ನು. ಇದು ನಾಗಿದು. ನೋಡು ತಂಗಿ, ಇವಳ ಬೆನ್ನು ಸೈತ ಜಗಳಕ್ಕೆ ನಿಂತ ಹಾಂಗೇ ಅದೆ."

ವಾರಿಜಾ ನಕ್ಕು, ತಾನು ಬರೆದುಕೊಂಡು ಬಂದ ಸಾಲನ್ನು ಓದಿದಳು. "ಬಳಚು ಆರಿಸಿ ಬಂದ ಹೆಂಗಸರು, ಫೋಟೋ ತೆಗೆಯುವವಳು ಕೇಳಿಕೊಂಡಿದ್ದಕ್ಕೆ ಬುಟ್ಟಿ ಸುರಿದು ಮತ್ತೆ ಹೊಳೆಗೆ ಇಳಿಯುತ್ತಿರುವುದು."

ಬೀರಮ್ಮನ ನಗು ನಿಂತಿತು.

"ಬುಟ್ಟಿ ಸುರಿದದ್ದು ಎಂತಕೆ ಬರೆದ್ಯೇ?"

"ನಡೆದದ್ದು ಅದೇ ಅಲ್ವಾ, ಬೀರಕ್ಕ?"

"ನಡೆದದ್ದೇ." ಬೀರಮ್ಮ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸುರಿದ ಬಳಚು ಎಂತ ಆಯ್ತು ಅಂದ್ಕಂಡೆ?"

"ಮತ್ತೆ ತುಂಬಿಕೊಂಡಿರಿ ಅಂದುಕೊಂಡೆ."

"ನಾವು ತಿರುಗಿ ಬರೂದ್ರೊಳಗೆ ಭರತ ಏರಿತ್ತು. ದಿಬ್ಬವೇ ಇರಲಿಲ್ಲ, ಬಳಚು ಎಲ್ಲಿಂದ ಇರ್ತದೆ?"

ವಾರಿಜಾಳಿಗೆ ಕೂತ ಜಗಲಿ ಒಂದು ಗೇಣು ಕುಸಿದ ಹಾಗಾಯಿತು.

"ನನಗೆ ಹೇಳಲೇ ಇಲ್ಲ ನೀವು."

"ನೀನು ಬಸ್ಸಿಗೆ ಓಡಿ ಆಗಿತ್ತು. ಬಸ್ಸಿನ ಹಿಂದೆ ಬಂದು ಹೇಳೂಕೆ ಆತದಾ?"

"ಮನೆಯಲ್ಲಿ ಏನಂದಿರಿ?"

"ಇವತ್ತು ಬಳಚೇ ಸಿಗಲಿಲ್ಲ ಅಂದೆ. ಫೋಟೋಕ್ಕೆ ಸುರಿದು ಬಂದೆ ಅಂದ್ರೆ ಮಗ ಸುಮ್ನಿರ್ತನಾ? ಊರೆಲ್ಲ ಆಡ್ಕಂಡು ನಗ್ತದೆ." ಬೀರಮ್ಮ ಮತ್ತೆ ಕತ್ತಿ ಕೈಗೆತ್ತಿಕೊಂಡಳು. "ಹೊಳೇದು ಹೊಳೆಗೆ ಹೋಯ್ತು, ಬಿಡು. ಫೋಟೋ ಚಂದ ಬಂದದೆ. ಹೊಳೆಗೆ ಇಳಿತಾ ಇದ್ರು ಅಂತ ಬರಿ, ಸಾಕು. ಯಾರಿಗೆ ಗೊತ್ತಾತದೆ?"

ವಾರಿಜಾ ಆ ಸಾಲಿನ ಚೀಟಿಯನ್ನು ಹರಿದು, ಚಿತ್ರವನ್ನು ಬೀರಮ್ಮನ ಮನೆಯಲ್ಲೇ ಬಿಟ್ಟು ಬಂದಳು.

ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಎದುರಿಗೆ ನಿಂತಳು.

"ಹೊಳೆ ಕೇಳಲಿಲ್ಲ, ಗುರುಗಳೇ."

ನಡೆದದ್ದನ್ನು ಹೇಳಿದಳು. ಕೊನೆಗೆ, "ಸುಳ್ಳನ್ನು ನೀವು ಬರೆಯುವುದಿಲ್ಲ. ನಿಜ ಬರೆದರೆ ಬೀರಕ್ಕನ ಮನೆಯಲ್ಲಿ ರಂಪವಾಗುತ್ತದೆ. ಈ ಚಿತ್ರ ಹೋಗುವುದಿಲ್ಲ," ಎಂದಳು.

"ನಾನು ಹಾಗೆಂದೆನೇ?"

"ಇಲ್ಲ. ನಾನೇ ಅನ್ನುತ್ತಿದ್ದೇನೆ."

ಪ್ರದರ್ಶನದವರಿಗೆ ಫೋನು ಮಾಡಿದಳು. ಅವರು ಮೊದಲು ಪುಸಲಾಯಿಸಿದರು, ಆಮೇಲೆ ರೇಗಿದರು. ಇನ್ನು ಮುಂದೆ ಅವಳ ಚಿತ್ರ ಕೇಳುವ ಗೋಜಿಗೇ ಹೋಗುವುದಿಲ್ಲ ಎಂದು ಫೋನು ಇಟ್ಟರು.

ಫ್ರಾನ್ಸಿಸ್ ತಲೆ ಮೇಲೆ ಕೈ ಹೊತ್ತುಕೊಂಡ. "ನಾಲ್ಕು ಬುಟ್ಟಿ ಚಿಪ್ಪಿಗೆ ಮುಂಬೈ ಬಿಟ್ಯಲ್ಲ ಮಾರಾಯ್ತಿ. ನಿನ್ನನ್ನು ಏನು ಮಾಡೋಣ?"

"ನನ್ನದರ ಬದಲು ನಿನ್ನ ಉಪ್ಪು ಕಳಿಸು. ನಾನೇ ಚೌಕಟ್ಟು ಹಾಕಿ ಕೊಡ್ತೇನೆ."

ಹಾಕಿಯೂ ಕೊಟ್ಟಳು. ಮೊಳೆ ಹೊಡೆಯುವಾಗ ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಹೊಡೆದಳು.

ಆ ಸಂಜೆ ಮತ್ತೆ ಗುರುಗಳ ಬಳಿ ಬಂದಳು.

"ಅವರ ಬಳಚನ್ನು ಹಿಂದೆ ಕೊಡಬೇಕು. ದುಡ್ಡು ಕೊಡಲು ಹೋದರೆ ಬೀರಕ್ಕ ಹೊಡೆಯುತ್ತಾರೆ. ಏನು ಮಾಡಲಿ?"

ಗುರುಗಳು ಒಳಗೆ ಹೋಗಿ ಒಂದು ಬೆತ್ತದ ಬುಟ್ಟಿ ತಂದು ಅವಳ ಮುಂದೆ ಇಟ್ಟರು.

ವಾರಿಜಾ ಬುಟ್ಟಿ ನೋಡಿದಳು. "ಕ್ಯಾಮೆರಾ?"

"ಬುಟ್ಟಿ ತುಂಬಿದ ಮೇಲೂ ಒಂದು ಕೈ ಉಳಿದರೆ, ಒಯ್ಯಿ."

ಅವಳು ಕ್ಯಾಮೆರಾವನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೋದಳು.

ಮೊದಲ ದಿನ ಬುಟ್ಟಿಯ ತಳವೂ ಮುಚ್ಚಲಿಲ್ಲ. ಚಿಪ್ಪು ತಾಗಿ ಹಿಮ್ಮಡಿ ಸೀಳಿತು. ಬೀರಮ್ಮ, ನಾಗಿ ಎಲ್ಲರೂ ದಿಬ್ಬದ ಮೇಲೆ ನಿಂತು ಹೊಟ್ಟೆ ಹಿಡಿದು ನಕ್ಕರು.

"ಬಳಚಿಗೆ ಕಾಲಿಲ್ಲ ತಂಗಿ," ಎಂದಳು ನಾಗಿ. "ಆದ್ರೂ ನಿನ್ನ ಕಂಡು ಓಡ್ತಾ ಅದೆ."

ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ಇಳಿತ ಮಧ್ಯಾಹ್ನಕ್ಕೆ ಸರಿದಾಗ ಮಧ್ಯಾಹ್ನ ಹೋದಳು, ಸಂಜೆಗೆ ಸರಿದಾಗ ಸಂಜೆ. ಹೊಳೆಯ ಹೊತ್ತೇ ಅವಳ ಹೊತ್ತಾಯಿತು.

ಕೆಲವು ಬೆಳಗು ಅದೇ ಬಿಸಿಲು ಬರುತ್ತಿತ್ತು. ಅದೇ ಒದ್ದೆ ಸೀರೆ, ಅದೇ ತಾಮ್ರದ ಹೊಳಪು. ಅವಳ ಬಲಗೈ ತಾನಾಗಿ ಎದೆಯ ಹತ್ತಿರ ಹೋಗಿ, ಅಲ್ಲಿ ಏನೂ ಇಲ್ಲದೆ ಕೆಳಗಿಳಿಯುತ್ತಿತ್ತು. ಒಂದು ಗಳಿಗೆ ನೋಡಿ, ಮತ್ತೆ ಬಗ್ಗುತ್ತಿದ್ದಳು.

ಒಂದು ದಿನ ಬುಟ್ಟಿ ತುಂಬಿತು. ಅದನ್ನು ಬೀರಮ್ಮನ ಬುಟ್ಟಿಯ ಪಕ್ಕ ಇಟ್ಟಳು.

"ಇದು ಎಂತಕೆ?"

"ಅವತ್ತಿನದ್ದು."

ಬೀರಮ್ಮ ಬುಟ್ಟಿಯನ್ನು ಎತ್ತಿ ಭಾರ ನೋಡಿದಳು. "ಅವತ್ತು ಇದಕ್ಕಿಂತ ಹೆಚ್ಚಿತ್ತು."

"ಹಾಗಾದರೆ ನಾಳೆಯೂ ಬರ್ತೇನೆ."

"ನಾಗಿದೂ ಹೋಗಿತ್ತು ಮತ್ತೆ. ಬಾಕಿ ಇಬ್ಬರದೂ."

"ಗೊತ್ತು. ಅದಕ್ಕೇ ಬರೋದು."

ಬೀರಮ್ಮ ಅವಳ ಮುಖವನ್ನೇ ನೋಡಿದಳು. "ಹಟಮಾರಿ," ಎಂದು, ಬುಟ್ಟಿ ಹೊರಲು ತನ್ನ ತಲೆಯ ಮೇಲೆ ಸುತ್ತಿಟ್ಟಿದ್ದ ಬಟ್ಟೆಯ ಸಿಂಬಿ ತೆಗೆದು ಅವಳ ತಲೆಗೆ ಇಟ್ಟಳು.

ನಾಲ್ವರ ಬಳಚಿನ ಸಾಲವೂ ತೀರಿತು. ತೀರಿದ ಮೇಲೂ ವಾರಿಜಾ ಹೋಗುವುದನ್ನು ಬಿಡಲಿಲ್ಲ. ಆಮೇಲೆ ಒಂದು ದಿನ ಮೊಳೆಯಿಂದ ಕ್ಯಾಮೆರಾ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡಳು. ಯಾರಿಗೂ ಏನನ್ನೂ ಮಾಡಿ ತೋರಿಸಿ ಅನ್ನಲಿಲ್ಲ.

ಮುಂದೊಂದು ಅಮಾವಾಸ್ಯೆ. ಮತ್ತೆ ಚಾಪೆ ಹಾಸಿತ್ತು.

ಶಿವಲಿಂಗ ತಿರುಗಿ ಬಂದಿದ್ದ. ಖಾಲಿ ಬೋನಿನ ಚಿತ್ರಕ್ಕೆ ಸಾಲು ಸಿಕ್ಕಿತು. ಕುಮುದಾಳ ಗಂಡಸರಿಗೂ ಸಿಕ್ಕಿತು. ಫ್ರಾನ್ಸಿಸ್ ತನ್ನ ಉಪ್ಪು ಹೋಗಿದ್ದ ಮುಂಬೈ ಪ್ರದರ್ಶನದ ಸುದ್ದಿಯನ್ನು ಒಂದೇ ಮಾತಿನಲ್ಲಿ ಮುಗಿಸಿ, ವಾರಿಜಾಳ ಕಡೆ ನೋಡದೆ ಕೂತ.

ವಾರಿಜಾ ತನ್ನ ಚಿತ್ರ ಇಟ್ಟಳು.

ಬಿಸಿಲಿರಲಿಲ್ಲ. ಮಳೆ ಹತ್ತಿರ ಬಂದ ದಿನಗಳ ಬೂದು ನೀರು, ಏರುತ್ತಿರುವ ಭರತ. ಬೀರಮ್ಮ ಕೆಸರಿನ ಏರು ಹತ್ತುತ್ತಿದ್ದಳು. ತಲೆಯ ಮೇಲೆ ತುಂಬಿದ ಬುಟ್ಟಿ, ಅದರ ಅರ್ಧ ಚಿತ್ರದ ಅಂಚಿನಿಂದ ಹೊರಗೆ ಹೋಗಿತ್ತು. ಒಂದು ಕಾಲು ಮೊಣಕಾಲವರೆಗೆ ಹೂತಿತ್ತು. ಹಲ್ಲು ಕಚ್ಚಿ ನಗುತ್ತಿದ್ದಳು. ಅವಳ ತೋಳು ನೇರ ಕ್ಯಾಮೆರಾದ ಕಡೆಗೇ ಚಾಚಿ, ಹತ್ತಿರ ಬಂದಂತೆ ಮಸುಕಾಗಿ, ಮುಂಗೈ ಚಿತ್ರದ ಕೆಳ ಅಂಚಿನಲ್ಲಿ ಮರೆಯಾಗಿತ್ತು. ಇಡೀ ಚಿತ್ರ ಒಂದು ಪಕ್ಕಕ್ಕೆ ವಾಲಿತ್ತು.

"ಇಷ್ಟು ಓರೆ ಆದರೆ ಹೊಳೆ ಚಾಪೆ ಮೇಲೆ ಚೆಲ್ತದೆ, ಮಾರಾಯ್ತಿ," ಎಂದ ಫ್ರಾನ್ಸಿಸ್, ಮೆಲ್ಲಗೆ.

ಗುರುಗಳು ಚಿತ್ರವನ್ನು ಎತ್ತಿಕೊಂಡರು. ಬಹಳ ಹೊತ್ತು ನೋಡಿದರು.

"ಯಾಕೆ ಓರೆ?"

"ಒಂದೇ ಕೈಯಲ್ಲಿ ತೆಗೆದೆ."

"ಇನ್ನೊಂದು ಕೈ?"

"ಬೀರಕ್ಕ ಹಿಡಿದುಕೊಂಡಿದ್ದರು. ಮೇಲಕ್ಕೆ ಎಳೆಯುತ್ತಿದ್ದೆ."

ಗುರುಗಳು ಚಿತ್ರವನ್ನು ಬೋರಲು ಹಾಕಿದರು. ಪೆನ್ನಿನ ಮುಚ್ಚಳ ತೆಗೆದರು.

"ಸಾಲು ಹೇಳು."